ಎಂಟನೆಯ ಹೆಸರು

ಹುಬ್ಬಳ್ಳಿಯ ಜ್ಞಾನಪ್ರಕಾಶ ಹೈಸ್ಕೂಲಿನಲ್ಲಿ ವೆಂಕಣ್ಣ ಮಾಸ್ತರರನ್ನು ಪೂರ್ತಿ ಮಾಸ್ತರರೆಂದು ಯಾರೂ ಎಣಿಸಿದ್ದಿಲ್ಲ. ಇಂಗ್ಲಿಷ್ ಕಲಿಸುವವರು ಮಾಸ್ತರರು, ಗಣಿತದವರು ಮಾಸ್ತರರು, ಸಂಸ್ಕೃತದ ಶಾಸ್ತ್ರಿಗಳಂತೂ ಗುರುಗಳು. ಇವರು ಕಲಿಸುವುದು ಫಾರ್ಸಿ, ಅದೂ ನಾಲ್ಕನೆಯ ಮತ್ತು ಐದನೆಯ ಇಯತ್ತೆಗಷ್ಟೇ. ಹಣೆಗೆ ಅಂಗಾರ ಅಕ್ಷತೆ ಹಚ್ಚಿ, ರುಮಾಲು ಸುತ್ತಿಕೊಂಡು, ಕರಿಹಲಗೆಯ ಮೇಲೆ ಬಲದಿಂದ ಎಡಕ್ಕೆ ಬರೆಯುತ್ತ ಹೋಗುವ ಈ ಮನುಷ್ಯನನ್ನು ಕಂಡರೆ ಹುಡುಗರಿಗೆ ಮೋಜು. ದೊಡ್ಡವರು ಎದುರಿಗೆ ನಗುತ್ತಿರಲಿಲ್ಲ, ಅಷ್ಟು ಮರ್ಯಾದೆ ಅವರಿಗೆ ಇತ್ತು.

ಅವರ ಅಡ್ಡಹೆಸರು ಪಾರಸನೀಸ. ಹಿಂದೆ ಯಾವನೋ ಮುತ್ತಜ್ಜ ಸವಣೂರ ನವಾಬರ ದರ್ಬಾರಿನಲ್ಲಿ ಕೂತು ಫಾರ್ಸಿಯಲ್ಲಿ ಪತ್ರ ಬರೆಯುತ್ತಿದ್ದನಂತೆ. ನವಾಬಿಕೆ ಹೋಯಿತು, ಇನಾಮು ಹೋಯಿತು, ಹೆಸರು ಮಾತ್ರ ಮನೆತನಕ್ಕೆ ಅಂಟಿಕೊಂಡು ಉಳಿಯಿತು. ಹೆಸರಿನ ಜೊತೆಗೆ ಒಂದು ಪದ್ಧತಿಯೂ ಉಳಿದಿತ್ತು. ಹಿರಿಯ ಮಗನ ಮುಂಜಿಯಾದ ಮರುದಿನ ತಂದೆಯಾದವನು ಅವನ ಬೆರಳು ಹಿಡಿದು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಲಿಫ್ ಎಂಬ ಮೊದಲಕ್ಷರ ಬರೆಸಬೇಕು. ಅಂದಿನಿಂದ ಹುಡುಗ ದಿನಾ ಮುಂಜಾನೆ ಸಂಧ್ಯಾವಂದನೆ ಮುಗಿಸಿ, ತೂಗುಮಣೆಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತು ಒಂದು ಪುಟ ಫಾರ್ಸಿ ಓದಬೇಕು. ಅದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಪೂಜೆಯಿಂದ ಹೊಟ್ಟೆ ತುಂಬುತ್ತದೆಯೇ ಎಂದು ಯಾರಾದರೂ ಕೇಳುತ್ತಾರೆಯೆ?

ವೆಂಕಣ್ಣನವರ ಮಗ ಯಜ್ಞೇಶ್ವರನೂ ಹಾಗೆಯೇ ಓದುತ್ತಿದ್ದ, ಚೆನ್ನಾಗಿಯೇ ಓದುತ್ತಿದ್ದ. ಮಾಸ್ತರರಿಗೆ ಇದೊಂದು ಹೆಮ್ಮೆ, ಮತ್ತು ಹೆಮ್ಮೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವರದಲ್ಲ. ಕ್ಲಾಸಿನಲ್ಲಿ ಯಾರಾದರೂ ತಡವರಿಸಿದರೆ ಸಾಕು, "ನಮ್ಮ ಯಜ್ಞೇಶ್ವರ ಇದನ್ನ ಮನ್ಯಾಗ ನೀರು ಕುಡಧಂಗ ಓದತಾನ!" ಎಂದುಬಿಡುತ್ತಿದ್ದರು. ಪೇಟೆಯಲ್ಲಿ ಸಿಕ್ಕವರಿಗೂ ಅದೇ ಮಾತು. ಆದರೆ ಅದೇ ಯಜ್ಞೇಶ್ವರ ಶಾಲೆಯಲ್ಲಿ ತೆಗೆದುಕೊಂಡಿದ್ದು ಸಂಸ್ಕೃತ. ಇದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಮುಚ್ಚಿಟ್ಟರೆಂದಲ್ಲ, ಮನೆಯದು ಮನೆಯದು, ಶಾಲೆಯದು ಶಾಲೆಯದು ಎಂದು ಅವರಿಗೆ ಅನ್ನಿಸಿತ್ತು. ಹೇಳುವಂಥದ್ದು ಅದರಲ್ಲಿ ಏನಿದೆ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಪ್ರಸಂಗ ಬಂದದ್ದು ಹತ್ತೊಂಬತ್ತುನೂರ ಮೂವತ್ತಾರರ ಬೇಸಿಗೆಯಲ್ಲಿ. ಐದನೆಯ ಇಯತ್ತೆಯ ಪರೀಕ್ಷೆ ಮುಗಿದು ಫಲಿತಾಂಶ ಬಂದ ದಿನ, ರೇಲ್ವೆ ಕಾರ್ಖಾನೆಯ ಫಿಟ್ಟರ್ ಫಕ್ರುಸಾಬ ಎಣ್ಣೆ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಶಾಲೆಯ ಕಟ್ಟೆಯ ಬಳಿ ಬಂದು ನಿಂತ. ಅವನ ಮಗಳು ಶಹಜಹಾನಬೇಗಂ ಫಾರ್ಸಿ ಕ್ಲಾಸಿನ ಒಬ್ಬಳೇ ಹುಡುಗಿ. ಬಾಗಿಲ ಹತ್ತಿರದ ಬೇರೆ ಬೆಂಚಿನ ಮೇಲೆ ತಲೆತುಂಬ ಸೆರಗು ಹೊದ್ದು ಕೂಡುವವಳು, ಮತ್ತು ಮಾಸ್ತರರೇ ಎಲ್ಲಾದರೂ ಅಕ್ಷರದ ಚುಕ್ಕೆ ಬಿಟ್ಟರೆ ಮೆಲ್ಲಗೆ ಕೆಮ್ಮುವವಳು. ಆ ಕೆಮ್ಮು ಕೇಳಿದೊಡನೆ ಮಾಸ್ತರರು ಹಲಗೆಯ ಕಡೆ ತಿರುಗಿ, ಏನು ಬಿಟ್ಟೆನಪ್ಪಾ ಎಂದು ಹುಡುಕುತ್ತಿದ್ದರು. ಇಂಥ ವಿದ್ಯಾರ್ಥಿ ಜನ್ಮಕ್ಕೊಮ್ಮೆ ಸಿಗುವುದೇ ಪುಣ್ಯ.

"ಮಾಸ್ತರ, ಹುಡುಗಿ ಪಾಸಾದ್ಳು. ಮುಂದ ಆರನೇದಾಗ ಫಾರ್ಸಿ ಐತೇನ್ರಿ?"

ಇರಲಿಲ್ಲ. ಜ್ಞಾನಪ್ರಕಾಶದಲ್ಲಿ ಫಾರ್ಸಿ ಐದಕ್ಕೆ ಮುಗಿಯುತ್ತಿತ್ತು. ಆಗ ಏಳನೆಯ ಇಯತ್ತೆಯೇ ಮ್ಯಾಟ್ರಿಕ್; ಅದಕ್ಕೆ ಬೇಕಾದ ಮೇಲಿನ ಎರಡು ವರ್ಷದ ಪಾಠಕ್ಕೆ ಹುಡುಗರು ರೈಲು ಹತ್ತಿ ಧಾರವಾಡಕ್ಕೆ ಹೋಗುತ್ತಿದ್ದರು, ಇಲ್ಲವೆ ಅಪ್ಪನ ಅಂಗಡಿಗೆ. ಹುಡುಗಿಯನ್ನು ದಿನಾ ರೈಲಿನಲ್ಲಿ ಕಳಿಸುವ ಮಾತಂತೂ ದೂರ. ಬೇರೆ ಭಾಷೆ ತೆಗೆದುಕೊಳ್ಳೋಣವೆಂದರೆ ಎರಡು ವರ್ಷದ ಸಂಸ್ಕೃತ ಹಿಂದೆ ಬಿದ್ದವಳನ್ನು ಶಾಸ್ತ್ರಿಗಳು ಹತ್ತಿರ ಸೇರಿಸುವವರಲ್ಲ. ಶಾಲೆಯ ಕ್ಲಾಸಿನಲ್ಲಿ ಓದದೆ ಹೋದರೆ ಶಾಲೆ ಅವಳನ್ನು ಪರೀಕ್ಷೆಗೆ ಕಳಿಸುವಂತಿಲ್ಲ.

"ನಮ್ಮವ್ವ ಕರೀಮಾಬಿ ಸವಣೂರಾಗ ಒಂದು ಸಂಬಂಧ ನೋಡಿ ಕುಂತಾಳ್ರಿ" ಎಂದ ಫಕ್ರುಸಾಬ. "ನಾ ಹಟ ಹಿಡದೇನಿ, ಹುಡುಗಿ ಮ್ಯಾಟ್ರಿಕ್ ಆಗ್ಬೇಕು, ಮಾಸ್ತರ್ತಿ ಆಗ್ಬೇಕು ಅಂತ. ಸಾಲಿ ಇರೂತನಕ ಮನ್ಯಾಗ ನನ್ನ ಮಾತು ನಡೀತೈತಿ. ಸಾಲಿ ಬಿಡಿಸಿದ ದಿನ ಅವ್ವನ ಮಾತು."

ವೆಂಕಣ್ಣ ಮಾಸ್ತರರು ಮುಗಿಲು ನೋಡಿದರು, ಕಟ್ಟೆ ನೋಡಿದರು. ಆಮೇಲೆ, ಯಾರೂ ಒತ್ತಾಯ ಮಾಡದಿದ್ದರೂ, ತಾವಾಗಿಯೇ ಅಂದುಬಿಟ್ಟರು.

"ನಿಮ್ಮವ್ವಗ ತಡೀಲಿಕ್ಕೆ ಹೇಳ್ರಿ. ಮ್ಯಾಲಿನ ಕ್ಲಾಸು ನಾ ತರ್ತೇನಿ."

ಆ ಬೇಸಿಗೆಯ ರಜೆಯಲ್ಲಿ ಅವರು ಉಂಡದ್ದು ನೆನಪಿಲ್ಲ, ಮಲಗಿದ್ದು ನೆನಪಿಲ್ಲ. ಆರನೆಯದಕ್ಕೆ ಏನು, ಏಳನೆಯದಕ್ಕೆ ಏನು ಎಂದು ಪಾಠಕ್ರಮ ಹಾಕಿದರು. ಗದ್ಯ ಇಷ್ಟು, ಪದ್ಯ ಇಷ್ಟು, ಫಾರ್ಸಿಯಿಂದ ಕನ್ನಡಕ್ಕೆ, ಕನ್ನಡದಿಂದ ಫಾರ್ಸಿಗೆ. ವಾರಕ್ಕೊಮ್ಮೆ ಹಳೆಯ ಸನದುಗಳನ್ನು ಓದಿಸುವುದು, ಯಾಕೆಂದರೆ ಊರೂರಿನ ಜಮೀನಿನ ಕಾಗದಗಳು ಇನ್ನೂ ಪೆಟ್ಟಿಗೆಗಳಲ್ಲಿ ಫಾರ್ಸಿಯಲ್ಲೇ ಮಲಗಿವೆ. ಪಗಾರ ಹೆಚ್ಚಿಗೆ ಬೇಡ, ಶಾಲೆಯ ಗಂಟೆಗೆ ಮುಂಚೆ ಬಂದು ಕಲಿಸುತ್ತೇನೆಂದೂ ಬರೆದರು. ಮುಂಬಯಿಯಿಂದ ಆರನೆಯ ಇಯತ್ತೆಯ ಪುಸ್ತಕ ಒಂದನ್ನು ಟಪಾಲಿನಲ್ಲಿ ತರಿಸಿ, ಜೂನ್ ಬರುವ ಮೊದಲೇ ಶಹಜಹಾನಬೇಗಂಳ ಕೈಗೆ ಕೊಟ್ಟರು. ಹುಡುಗಿ ಅದಕ್ಕೆ ಸಕ್ಕರೆ ಕಟ್ಟಿ ಬಂದ ನೀಲಿ ಕಾಗದದ ಹೊದಿಕೆ ಹಾಕಿಕೊಂಡಳು.

ಶಾಲೆ ತೆರೆದಾಗ ಹೆಡ್‌ಮಾಸ್ತರರು ಪಾಠಕ್ರಮವನ್ನು ತಿರುವಿ ಹಾಕಿ, "ಛಲೋ ಅದ, ಖರೇನ ಛಲೋ ಅದ" ಎಂದರು. ಕಮಿಟಿ ಹ್ಞೂಂ ಅಂದರೆ ಧಾರವಾಡದ ಇನ್‌ಸ್ಪೆಕ್ಟರರು ಅಡ್ಡ ಬರುವುದಿಲ್ಲ ಎಂದರು. ಇವರು ಎದ್ದು ಹೊರಟಾಗ ಇನ್ನೊಂದು ಮಾತು ಸೇರಿಸಿದರು. "ಕಮಿಟಿದು ಒಂದು ನೇಮ ಅದ ನೋಡ್ರಿ. ಎಂಟು ಮಂದಿ ಇದ್ರನ ಮ್ಯಾಲಿನ ಕ್ಲಾಸು. ಏಳಿದ್ರೂ ನಡ್ಯಾಂಗಿಲ್ಲ."

ಸರಿ, ಮಾಸ್ತರರು ಛತ್ರಿ ಎತ್ತಿಕೊಂಡು ಊರು ಸುತ್ತಲು ಹೊರಟರು. ಮುಂಜಾನೆ ಶಾಲೆಯ ಪಡಸಾಲೆಯಲ್ಲಿ ಮಂಜೂರಾಗದ ಕ್ಲಾಸಿಗೆ ಪಾಠ, ಸಂಜೆ ಹೆಸರು ಕೂಡಿಸುವ ತಿರುಗಾಟ. ಧಾರವಾಡಕ್ಕೆ ಹೋಗಲು ಸಿದ್ಧವಾಗಿದ್ದ ಹುಡುಗರ ಅಪ್ಪಂದಿರ ಕೈಕಾಲು ಹಿಡಿದು ಕೆಲವರನ್ನು ನಿಲ್ಲಿಸಿದರು. ಒಬ್ಬನನ್ನು ಕುದುರೆಯ ಜೀನು ಹೊಲಿಯುವ ಅಂಗಡಿಯಿಂದ ಎಬ್ಬಿಸಿ ತಂದರು. ಹೀಗೆ ಎಳೆದಾಡಿ, ಶಹಜಹಾನಬೇಗಂ ಸೇರಿ ಏಳು ಹೆಸರಾದವು. ಎಂಟನೆಯದು ಮಾತ್ರ ಹುಟ್ಟಲೊಲ್ಲದು.

ದುರ್ಗದ ಬೈಲಿನಲ್ಲಿ ಅರಿವೆಯ ವ್ಯಾಪಾರ ಮಾಡುವ ಶರೀಫಸಾಬ ಊರಿನಲ್ಲಿ ತೂಕದ ಮನುಷ್ಯ. ಅವನ ಮೊಮ್ಮಗ ಐದನೆಯದರಲ್ಲಿ ಫಾರ್ಸಿ ಓದಿದವನು. ಶರೀಫಸಾಬ ಮಾಸ್ತರರನ್ನು ಗಾದಿಯ ಮೇಲೆ ಕೂಡಿಸಿ, ಬೀಸಣಿಕೆ ತರಿಸಿ, ಎಲ್ಲವನ್ನೂ ಕೇಳಿದ. ಕೇಳಿ ನಿಟ್ಟುಸಿರುಬಿಟ್ಟ.

"ನೀವು ಹೇಳೂದು ಖರೇ ಐತ್ರಿ. ಫಾರ್ಸಿ ಅಂದ್ರ ಅತ್ತರ ಇದ್ದಂಗ. ಆದ್ರ ಹುಡುಗಗ ಈಗ ಇಂಗ್ಲಿಷು ಬೇಕು, ಲೆಕ್ಕ ಬೇಕು. ಮುಂಬಯಿಗೆ ಕಳಸಾಕ ಹತ್ತೇನಿ. ಬ್ಯಾರೇ ಯಾರರ ಸಿಗತಾರ ನೋಡ್ರಲಾ."

ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. ಅಂಗಡಿ ಇಳಿದು ಬರುತ್ತ ದಾರಿಯುದ್ದಕ್ಕೂ ಗೊಣಗಿದರು: ಎಲ್ಲರಿಗೂ ಫಾರ್ಸಿ ಬೇಕು, ಆದರೆ ಪಕ್ಕದ ಮನೆಯವನ ಮಗ ಓದಬೇಕು! ಹೊಗಳುವುದಕ್ಕೆ ನೂರು ಜನ, ಒಂದು ಕೂಸು ಕೊಡಿ ಎಂದರೆ ಒಬ್ಬನೂ ಇಲ್ಲ. ಇಂಥ ಊರಿಗೆ ಬೆಂಕಿ ಹಚ್ಚಬೇಕು ಎಂದು ಅವರಿಗೆ ಖಂಡಿತವಾಗಿ ಅನ್ನಿಸಿತು. ಮನೆಗೆ ಬಂದು ಕೈಕಾಲು ತೊಳೆದು, ಯಜ್ಞೇಶ್ವರನಿಂದ ಒಂದು ಪುಟ ಫಾರ್ಸಿ ಓದಿಸಿ ಕೇಳಿದ ಮೇಲೆ ಮನಸ್ಸಿಗೆ ಸಮಾಧಾನವಾಯಿತು.

ನಾಗರಪಂಚಮಿಗೆ ಸ್ವಲ್ಪ ದಿನ ಮುಂಚೆ ಕಮಿಟಿ ಕೂಡಿತು. ಅಧ್ಯಕ್ಷರು ಏಕನಾಥರಾವ ಗಲಗಲಿ, ವಕೀಲರು; ಹಸನ್ಮುಖಿ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಅವರು ಪಾಠಕ್ರಮವನ್ನು ಪೂರ್ತಿ ಓದಿದರು. ಸನದು ಓದಿಸುವ ವಿಚಾರ ಬಂದಾಗ, "ವ್ಹಾ, ನಮ್ಮ ಕೋರ್ಟಿಗೂ ಉಪಯೋಗ ಆಗ್ತದ" ಎಂದು ಮೆಚ್ಚಿ ತಲೆಯಾಡಿಸಿದರು. ಮಾಸ್ತರರ ಎದೆ ಅರಳಿತು. ಆಮೇಲೆ ವಕೀಲರು ಹುಡುಗರ ಹೆಸರು ನೋಡಿದರು.

"ಏಳು ಅವ. ಎಂಟನೇದು?"

"ಹುಡುಕ್ಲಿಕ್ಕೆ ಹತ್ತೇನ್ರಿ."

"ಹುಡುಕೂದ್ಯಾಕ್ರಿ? ನಿಮ್ಮ ಯಜ್ಞೇಶ್ವರನೂ ಆರನೇದ್ರಾಗ ಇದ್ದಾನಲ್ಲ! ನೀರು ಕುಡಧಂಗ ಓದತಾನಂತ ಊರಿಗೆಲ್ಲಾ ಗೊತ್ತದ. ಅವನ ಹೆಸರೇ ಮೊದಲಿರಬೇಕಿತ್ತು."

"ಅವಾ ಸಾಲ್ಯಾಗ ಸಂಸ್ಕೃತ ತೊಗೊಂಡಾನ್ರಿ" ಎಂದರು ಮಾಸ್ತರರು. ತಮ್ಮ ದನಿ ತಮಗೇ ಬೇರೆಯವರದೆಂಬಂತೆ ಕೇಳಿತು.

ಯಾರೋ ಕೊನೆಯಲ್ಲಿ ಕೂತವರು ಗೊಳ್ಳೆಂದು ನಕ್ಕರು. ಗಲಗಲಿ ವಕೀಲರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮೆತ್ತಗೆ ಹೇಳಿದರು: "ಕ್ಲಾಸು ಮಂಜೂರು ಮಾಡೇವಿ, ಮಾಸ್ತರ. ಪಂಚಮಿ ಒಳಗ ಎಂಟನೇ ಹೆಸರು ಕೊಡ್ರಿ. ಹೊರಗ ಸಿಗಲಿಲ್ಲಂದ್ರ ಮನ್ಯಾಗ ಅದ. ಅದೂ ಆಗಲಿಲ್ಲಂದ್ರ ಈ ವಿಷಯ ಇಲ್ಲಿಗೆ ಮುಗೀತು."

ಬೇಸಿಗೆಯಿಂದ ಬಯಸಿದ ಮಂಜೂರಾತಿ ಕೈಗೆ ಸಿಕ್ಕಿತ್ತು. ಇನ್ನು ಬಯ್ಯುವುದಕ್ಕೆ ಕಮಿಟಿ ಇರಲಿಲ್ಲ, ಶರೀಫಸಾಬನಿರಲಿಲ್ಲ, ಊರಿರಲಿಲ್ಲ. ಮಾಸ್ತರರು ಹಾದಿಯಲ್ಲಿ ಎರಡು ಸಲ ಛತ್ರಿ ಮರೆತು, ಎರಡು ಸಲ ಹಿಂದಿರುಗಿ ತೆಗೆದುಕೊಂಡು, ಮನೆ ಸೇರಿದರು.

ಮನೆಯಲ್ಲಿ ಹೆಂಡತಿ ಅಂಬಾಬಾಯಿ ಪಂಚಮಿಗೆಂದು ಶೇಂಗಾ ಉಂಡಿ ಕಟ್ಟುತ್ತಿದ್ದಳು. ಯಜ್ಞೇಶ್ವರ ತೂಗುಮಣೆಯ ಮೇಲಿಂದ ಎದ್ದು ನಿಂತ. ಸುದ್ದಿ ಅವನಿಗಾಗಲೇ ತಿಳಿದಿತ್ತು. ಗಲಗಲಿ ವಕೀಲರ ಮಗ ಅವನ ಬೆಂಚಿನವನೇ.

"ಅಪ್ಪಾ, ನಾ ಫಾರ್ಸಿ ಕ್ಲಾಸಿಗೆ ಬರತೇನಿ. ನಾಳೆ ನನ್ನ ಹೆಸರು ಕೊಡ್ರಿ."

ಮಾಸ್ತರರು ಹೆಂಡತಿಯ ಮುಖ ನೋಡಿದರು. ಮಗನನ್ನು ಸಂಸ್ಕೃತಕ್ಕೆ ಹಾಕಲು ಹಟ ಮಾಡಿದವಳು ಆಕೆಯೇ. ಸಂಸ್ಕೃತದಲ್ಲಿ ಹುಡುಗ ಮ್ಯಾಟ್ರಿಕ್‌ಗೆ ನಂಬರು ಬರುತ್ತಾನೆ, ಸ್ಕಾಲರ್‌ಶಿಪ್ ಸಿಗುತ್ತದೆ, ಕಾಲೇಜಿಗೆ ಹೋಗುತ್ತಾನೆ ಎಂದು ಶಾಸ್ತ್ರಿಗಳು ಆಕೆಗೆ ಹೇಳಿದ್ದರು. ಈಗ ಆಕೆ ಸಿಡಿಮಿಡಿಗೊಳ್ಳುತ್ತಾಳೆ, ಬೇಡವೇ ಬೇಡ ಎನ್ನುತ್ತಾಳೆ ಎಂದು ಮಾಸ್ತರರು ಕಾಯುತ್ತಿದ್ದರು. ಆಕೆ ಕೈಯೊಳಗಿನ ಉಂಡಿಯನ್ನು ತಟ್ಟೆಗೆ ಇಟ್ಟಳು.

"ಆ ಹುಡುಗೀದು ಕೇಳೇನಿ ನಾನೂ. ಪಾಪ ಅನಸ್ತದ. ನಾ ಏನೂ ಅನ್ನೂದಿಲ್ರಿ. ನೀವು ಹೆಂಗ ಅಂತೀರಿ ಹಂಗ."

ಆಕೆ ಬೇಡವೆಂದಿದ್ದರೆ ಎಷ್ಟು ಹಗುರಾಗುತ್ತಿತ್ತು! ಮಾಸ್ತರರು ತೂಗುಮಣೆಯ ಮೇಲೆ ಕುಳಿತರು. ಮಗ ಎದುರಿಗೆ ನಿಂತಿದ್ದ, ತುಟಿಯ ಮೇಲೆ ಆಗತಾನೆ ಕಪ್ಪು ಮೂಡುತ್ತಿದ್ದ ಹುಡುಗ. ಅವನು ತಮ್ಮ ಹಾಗೆ ಅರ್ಧ ಮಾಸ್ತರನಾಗಿ, ಎದುರಿಗೆ ನಗದವರ ನಡುವೆ ರುಮಾಲು ಸುತ್ತಿಕೊಂಡು ಓಡಾಡುವುದು ಅವರ ಕಣ್ಣಿಗೆ ಕಟ್ಟಿತು. ಫಾರ್ಸಿ ತಮಗೆ ಏನು ಕೊಟ್ಟಿದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಅಮೃತವೆಂದು ಹೊಗಳಿ ಕುಡಿಸಹೊರಟದ್ದನ್ನು ತಮ್ಮ ಮಗನ ಬಾಯಿಗೆ ಹಾಕಲು ಕೈ ಏಳಲಿಲ್ಲ. ತಮ್ಮ ಮೇಲೇ ಅವರಿಗೆ ಹೇಸಿಗೆಯಾಯಿತು. ಆದರೂ ಕೈ ಏಳಲಿಲ್ಲ.

"ಬ್ಯಾಡ" ಎಂದರು. "ನಿನ್ನ ಸಂಸ್ಕೃತ ನೀ ಓದು."

"ಮತ್ತ ಅಕೀ?"

"ಬ್ಯಾರೆ ಯಾರರೆ ಸಿಗತಾರ."

ಶರೀಫಸಾಬನ ಮಾತನ್ನೇ ತಾವು ಹೇಳಿದೆವೆಂದು ಅವರಿಗೆ ಆಡಿದ ಮೇಲೆ ಹೊಳೆಯಿತು.

ಪಂಚಮಿಯ ತನಕ ಮಾಸ್ತರರು ಮತ್ತೆ ಊರು ಸುತ್ತಿದರು. ಸಿಗುವುದಿಲ್ಲವೆಂದು ಗೊತ್ತಿದ್ದೂ ಗಣೇಶಪೇಟೆ ಸುತ್ತಿದರು, ಹಳೇ ಹುಬ್ಬಳ್ಳಿ ಸುತ್ತಿದರು, ಒಮ್ಮೆ ಹೋಗಿಬಂದ ಮನೆಗಳಿಗೇ ಹೋಗಿ ಕದ ಬಡಿದರು. ಕಾಲು ನೋಯಲೆಂದೇ ನಡೆದರೇನೋ. ಹಬ್ಬ ಬಂತು, ಹೋಯಿತು. ಹೆಡ್‌ಮಾಸ್ತರರು ಕರೆದು, "ಪಡಸಾಲ್ಯಾಗಿನ ಪಾಠ ಇನ್ನ ಬಂದ್ ಮಾಡ್ರಿ" ಎಂದರು. ನಾಲ್ಕು ಹುಡುಗರು ಧಾರವಾಡದ ರೈಲು ಹಿಡಿದರು, ಒಬ್ಬನು ಜೀನಿನ ಅಂಗಡಿಗೆ ಮರಳಿದ, ಇನ್ನೊಬ್ಬನು ಎಲ್ಲಿಗೆ ಹೋದನೋ ತಿಳಿಯಲಿಲ್ಲ.

ಶಹಜಹಾನಬೇಗಂಳ ಮನೆಗೆ ಮಾಸ್ತರರು ತಾವೇ ಹೋದರು. ಕಾರ್ಖಾನೆಯ ಭೋಂಗಾ ಕೂಗಿ, ಫಕ್ರುಸಾಬ ಮನೆಗೆ ಬಂದು ಕೈ ತೊಳೆಯುತ್ತಿದ್ದ. ಅಂಗಳದಲ್ಲಿ ಕುರ್ಚಿ ಹಾಕಿದರು. ಮುದುಕಿ ಕರೀಮಾಬಿ, ಮಾಸ್ತರರು ತಮ್ಮ ಮನೆಯ ನೀರು ಮುಟ್ಟುವವರಲ್ಲವೆಂದು ತಿಳಿದು, ಸಿಪ್ಪೆ ಸುಲಿಯದ ಬಾಳೆಹಣ್ಣನ್ನು ಹೊಸ ಮೊರದಲ್ಲಿಟ್ಟು ತಂದಳು. ಸಾಲಿಯ ಮಾತು ಕೇಳಿದರೆ ಉರಿದು ಬೀಳುತ್ತಿದ್ದ ಮುದುಕಿ ಅವಳೇ.

"ಕ್ಲಾಸು ಆಗಲಿಲ್ಲ, ಫಕ್ರುಸಾಬ" ಎಂದರು ಮಾಸ್ತರರು. "ಎಂಟು ಮಂದಿ ಬೇಕಂದ್ರು. ಏಳಕ್ಕೇ ನಿಂತಿತು."

"ಇಷ್ಟ ದೊಡ್ಡ ಹುಬ್ಬಳ್ಳ್ಯಾಗ ಒಬ್ಬ ಹುಡುಗಾ ಸಿಗಲಿಲ್ಲೇನ್ರಿ ಮಾಸ್ತರ?"

ಆಗ ಹೇಳಬಹುದಿತ್ತು. ಹೇಳಿದ್ದರೆ ಫಕ್ರುಸಾಬ ಬಯ್ಯುತ್ತಿದ್ದ, ಬಯ್ದಿದ್ದರೆ ಎದೆಯ ಭಾರ ಒಂದಿಷ್ಟಾದರೂ ಇಳಿಯುತ್ತಿತ್ತು.

"ಸಿಗಲಿಲ್ಲ" ಎಂದರು ಮಾಸ್ತರರು.

ಫಕ್ರುಸಾಬ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಅವನೇ ಮಾಸ್ತರರಿಗೆ ಸಮಾಧಾನ ಹೇಳತೊಡಗಿದ. "ಹೋಗ್ಲಿ ಬಿಡ್ರಿ. ನೀವರ ಏನ್ ಮಾಡ್ತೀರಿ? ಬಿಸಲಾಗ, ಮಳ್ಯಾಗ ಅಡ್ಯಾಡಿದ್ರಿ. ನಮ್ಮವರು ತಮ್ಮ ಸ್ವಂತ ಮಗಳಿಗೆ ಇಷ್ಟ ಮಾಡೂದಿಲ್ಲ. ನಿಮ್ಮ ಋಣ ನಾ ಮರೆಯಾಂಗಿಲ್ಲ."

ಬಾಗಿಲ ಪರದೆ ಸರಿಯಿತು. ಶಹಜಹಾನಬೇಗಂ ನೀಲಿ ಹೊದಿಕೆಯ ಪುಸ್ತಕ ಹಿಡಿದು ಬಂದು, ಮಾಸ್ತರರ ಮುಂದೆ ಎರಡೂ ಕೈಯಿಂದ ಚಾಚಿದಳು.

"ಇದು ನಿಂಗೇ ಕೊಟ್ಟದ್ದವಾ, ಇಟ್ಕೋ."

"ಸವಣೂರಾಗ ಯಾರು ಓದತಾರ್ರಿ ಇದನ್ನ" ಎಂದಳು ಹುಡುಗಿ. "ಯಜ್ಞೇಶ್ವರಗ ಕೊಡ್ರಿ, ಮಾಸ್ತರ. ಅವರು ಮನ್ಯಾಗ ಓದತಾರಲ್ರಿ."

ಮಾಸ್ತರರು ಗಾಬರಿಯಾಗಿ ಅವಳ ಮುಖ ನೋಡಿದರು. ಇವಳಿಗೆ ಗೊತ್ತೇ? ಚುಚ್ಚಿ ಅಂದಳೇ? ಕಟಕಿಯ ಸುಳಿವು ಕೂಡ ಆ ಮುಖದಲ್ಲಿರಲಿಲ್ಲ. ಎರಡು ವರ್ಷ ಕ್ಲಾಸಿನಲ್ಲಿ ಅವರು ಹೇಳಿದ್ದನ್ನು ನಂಬಿ, ನೆನಪಿಟ್ಟುಕೊಂಡು, ಹಾಗೆಯೇ ಅವರಿಗೆ ಒಪ್ಪಿಸುತ್ತಿದ್ದಳು ಅಷ್ಟೆ. ಅವರು ಪುಸ್ತಕ ತೆಗೆದುಕೊಂಡರು. ಬಾಳೆಹಣ್ಣನ್ನು ಅಲ್ಲೇ ಬಿಟ್ಟು ಬಂದರು.

ದಸರೆಯ ಹೊತ್ತಿಗೆ ಅವಳ ನಿಕಾಹ ಆಗಿ ಹೋಗಿತ್ತು. ಸರಸ್ವತಿ ಪೂಜೆಯ ದಿನ ಪಾರಸನೀಸರ ಮನೆಯಲ್ಲಿ ಪದ್ಧತಿಯಂತೆ ಪುಸ್ತಕಗಳನ್ನೆಲ್ಲ ದೇವರ ಮುಂದೆ ಮಣೆಯ ಮೇಲೆ ಹೊಂದಿಸಿದರು. ಕೆಳಗೆ ಅಜ್ಜನ ಕಾಲದ ಫಾರ್ಸಿ ಹೊತ್ತಿಗೆಗಳು, ಮೇಲೆ ಯಜ್ಞೇಶ್ವರನ ಸಂಸ್ಕೃತದ ಪುಸ್ತಕಗಳು. ಅಂಬಾಬಾಯಿ ಒಂದೊಂದಕ್ಕೇ ಅರಿಸಿನ ಕುಂಕುಮ ಹಚ್ಚುತ್ತ ಬಂದು, ನೀಲಿ ಹೊದಿಕೆಯ ಪುಸ್ತಕದ ಹತ್ತಿರ ಕೈ ತಡೆದಳು. ಹೊದಿಕೆಯ ಮೇಲೆ ಫಾರ್ಸಿ ಅಕ್ಷರಗಳಲ್ಲಿ ಒಂದು ಸಾಲು ಬರಹವಿತ್ತು. ಚುಕ್ಕೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಇದ್ದವು, ಒಂದೂ ತಪ್ಪಿರಲಿಲ್ಲ.

"ಛಂದ ಬರದಾರ. ಇದು ಏನ್ರಿ?"

"ಪುಸ್ತಕದ ಹೆಸರು" ಎಂದರು ವೆಂಕಣ್ಣ ಮಾಸ್ತರರು.

ಅಂಬಾಬಾಯಿ ಅದಕ್ಕೂ ಕುಂಕುಮ ಹಚ್ಚಿದಳು. ಆ ಮನೆಯಲ್ಲಿ ಮಾಸ್ತರರನ್ನು ಬಿಟ್ಟರೆ ಆ ಹೆಸರನ್ನು ಓದಬಲ್ಲವನು ಇನ್ನೊಬ್ಬನೇ ಇದ್ದ. ಅವನು ಗಂಟೆ ಹಿಡಿದುಕೊಂಡು ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಶಹಜಹಾನಬೇಗಂ, ಇಯತ್ತೆ ಆರನೆಯದು ಎಂದಿದ್ದ ಆ ಸಾಲನ್ನು ಬಲದಿಂದ ಎಡಕ್ಕೆ ನಿಧಾನವಾಗಿ ಓದಿ, ಅಪ್ಪನ ಮುಖವನ್ನು ಒಮ್ಮೆ ನೋಡಿ, ಅವನು ಗಂಟೆ ಬಾರಿಸತೊಡಗಿದ.